ಬೋಟಿನ ಎಸಿ ಕೈಕೊಟ್ಟಾಗ: ಗ್ಯಾಸ್ ಮುಟ್ಟುವ ಮುಂಚೆ ನೀರು ನೋಡಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಭಾಮೈದ ಮಂಗಳೂರಿನಿಂದ ಫೋನ್ ಮಾಡಿದ. ಅವನು ಅಲ್ಲಿ ಒಂದು ಕ್ಯಾಬಿನ್ ಬೋಟು ನೋಡಿಕೊಳ್ಳುತ್ತಾನೆ. "ಭಾವ, ಎಸಿ ಹತ್ತು ನಿಮಿಷ ತಣ್ಣಗೆ ಬೀಸುತ್ತೆ, ಆಮೇಲೆ ಎಚ್‌ಪಿಎಫ್ ಅಂತ ತೋರಿಸಿ ನಿಂತುಬಿಡುತ್ತೆ. ಇಲ್ಲಿ ಒಬ್ಬರು ಮೆಕ್ಯಾನಿಕ್ ಬಂದು ಎರಡು ಸಲ ಗ್ಯಾಸ್ ಹಾಕಿದ್ರು. ಈಗ ಐದೇ ನಿಮಿಷಕ್ಕೆ ನಿಲ್ತಾ ಇದೆ" ಅಂದ.

"ಇನ್ನು ಗ್ಯಾಸ್ ಹಾಕಿಸ್ಬೇಡ ಕಣೋ. ಎಸಿ ನೀರು ಬೋಟಿನಿಂದ ಹೊರಗೆ ಬೀಳುತ್ತಲ್ಲ, ಅಲ್ಲಿಗೆ ಹೋಗಿ ನೋಡು. ಎಷ್ಟು ಬೀಳ್ತಾ ಇದೆ?"

ಹೋಗಿ ನೋಡಿ ಬಂದ. "ಸಣ್ಣಗೆ ಬೀಳ್ತಾ ಇದೆ ಭಾವ. ಬೇಸಿಗೇಲಿ ನಮ್ಮೂರ ಬೀದಿ ನಲ್ಲಿ ಇರುತ್ತಲ್ಲ, ಆ ಥರ."

ಅರ್ಧ ಕಾಯಿಲೆ ಅಲ್ಲೇ ಗೊತ್ತಾಯಿತು.

ನಾನು ಹಾಸನದಲ್ಲಿ ಫ್ರಿಜ್, ಎಸಿ ರಿಪೇರಿ ಮಾಡುವವನು. ಸಮುದ್ರ ಇಲ್ಲದ ಊರಿನವನಿಗೆ ಬೋಟಿನ ಎಸಿ ಹೇಗೆ ಗೊತ್ತು ಅಂತ ಕೇಳುತ್ತಾರೆ. ನಮ್ಮೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಮನೆಗೆ ಎಸಿ ಹಾಕಿಸುವವರು ಕಡಿಮೆ. ಆದರೆ ನೀರಿನಿಂದ ತಣ್ಣಗಾಗುವ ಯಂತ್ರಗಳ ಜೊತೆ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಬಿತ್ತನೆ ಆಲೂಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬಂದು ಇಲ್ಲಿನ ಕೋಲ್ಡ್ ಸ್ಟೋರೇಜುಗಳಲ್ಲಿ ಕೂರುತ್ತದೆ. ಒಳಗೆ 2ರಿಂದ 4 ಡಿಗ್ರಿ ಇರಬೇಕು ಅಂದರೆ, ಹೊರಗೆ ಗ್ಯಾಸಿನ ಬಿಸಿ ಬಿಡುವ ಕಂಡೆನ್ಸರ್ ಪೈಪಿನ ಮೇಲೆ ಹಗಲೂ ರಾತ್ರಿ ನೀರು ಸುರಿಯುತ್ತಲೇ ಇರಬೇಕು. ಬೋರ್‌ವೆಲ್ಲಿನ ಗಡಸು ನೀರು ಆ ಪೈಪಿನ ಮೇಲೆ ಸುಣ್ಣದ ಪೊರೆ ಕಟ್ಟಿತು ಅಂದರೆ ಪ್ರೆಶರ್ ಏರುತ್ತದೆ, ಗ್ಯಾಸ್ ಒತ್ತುವ ಕಂಪ್ರೆಸರ್ ಒದ್ದಾಡುತ್ತದೆ. ಬೋಟಿನ ಎಸಿಗೆ ಬರುವ ಕಾಯಿಲೆಯೂ ಹೆಚ್ಚುಕಡಿಮೆ ಅದೇ. ನೀರು ಮಾತ್ರ ಉಪ್ಪುನೀರು, ಅದರಲ್ಲಿ ಜೀವ ಇರುವ ಚಿಪ್ಪುಗಳೂ ಬರುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಿನ್ನೀರಿನ ಕೆಲವು ಹೌಸ್‌ಬೋಟುಗಳಲ್ಲಿ ಮನೆಯಲ್ಲಿರುವಂಥದ್ದೇ ಸ್ಪ್ಲಿಟ್ ಎಸಿ ಹಾಕಿ ಜನರೇಟರಿನಲ್ಲಿ ಓಡಿಸುತ್ತಾರೆ. ಅದರ ರಿಪೇರಿ ಮನೆಯ ಎಸಿಯ ಹಾಗೆಯೇ. ನಾನು ಹೇಳುತ್ತಿರುವುದು ಕಂಡೆನ್ಸರನ್ನು ಹೊರಗಿನ ನೀರಿನಿಂದಲೇ ತಣ್ಣಗೆ ಮಾಡುವ, ಕ್ಯಾಬಿನ್ನಿನ ಸೀಟಿನ ಕೆಳಗೋ ಮಂಚದ ಕೆಳಗೋ ಕೂರುವ ಎಸಿಯ ವಿಷಯ.

ನೀರು ಹೋಗುವ ದಾರಿ

ಮನೆಯ ಎಸಿಯಲ್ಲಿ ಒಳಗಿನ ಬಿಸಿಯನ್ನು ಹೊರಗಿನ ಡಬ್ಬದ ಫ್ಯಾನು ಗಾಳಿಗೆ ಬಿಡುತ್ತದೆ. ಬೋಟಿನಲ್ಲಿ ಆ ಫ್ಯಾನಿನ ಕೆಲಸ ನೀರಿನದ್ದು. ಬೋಟಿನ ತಳದಲ್ಲಿ ಒಂದು ತೂತು. ಅದರ ಮೇಲೆ ಒಂದು ವಾಲ್ವ್. ಅಲ್ಲಿಂದ ಕಸ ತಡೆಯುವ ಜಾಲರಿ ಡಬ್ಬ, ಅದನ್ನು ಸ್ಟ್ರೇನರ್ ಅನ್ನುತ್ತಾರೆ. ಆಮೇಲೆ ಪಂಪು, ಪಂಪಿನಿಂದ ಹೋಸು, ಹೋಸಿನಿಂದ ಕಂಡೆನ್ಸರ್ ಸುರುಳಿ. ಈ ಸುರುಳಿಯಲ್ಲಿ ಪೈಪಿನೊಳಗೆ ಪೈಪು ಇರುತ್ತದೆ. ಒಳಗಿನದರಲ್ಲಿ ಸಮುದ್ರದ ನೀರು, ಅದರ ಸುತ್ತ ಗ್ಯಾಸು. ಉಪ್ಪಿಗೆ ತಡೆಯಲಿ ಅಂತ ಒಳಗಿನ ಪೈಪನ್ನು ತಾಮ್ರ ಮತ್ತು ನಿಕ್ಕಲ್ ಬೆರೆಸಿದ ಲೋಹದಲ್ಲಿ ಮಾಡುತ್ತಾರೆ. ಬಿಸಿ ಹೊತ್ತ ನೀರು ಕೊನೆಗೆ ಬೋಟಿನ ಪಕ್ಕದ ತೂತಿನಿಂದ ಹೊರಗೆ ಬೀಳುತ್ತದೆ.

ಈ ದಾರಿಯಲ್ಲಿ ಎಲ್ಲೇ ಕಟ್ಟಿದರೂ ಗ್ಯಾಸಿನ ಬಿಸಿ ಹೊರಗೆ ಹೋಗುವುದಿಲ್ಲ. ಪ್ರೆಶರ್ ಏರಿ, ಕಂಪ್ರೆಸರ್ ಸುಟ್ಟುಹೋಗಬಾರದು ಅಂತ ಒಂದು ಪ್ರೆಶರ್ ಸ್ವಿಚ್ಚು ಅದನ್ನು ನಿಲ್ಲಿಸುತ್ತದೆ. ಪ್ಯಾನೆಲ್ ಮೇಲೆ ಬರುವ ಎಚ್‌ಪಿಎಫ್ ಅಂದರೆ ಇದೇ, ಹೈ ಪ್ರೆಶರ್ ಫಾಲ್ಟ್. ಶಿರಾಡಿ ಘಾಟಿ ಹತ್ತುವಾಗ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಲಾರಿ ಕುದಿಯುತ್ತದಲ್ಲ, ಹಾಗೆ. ಆಗ ಡ್ರೈವರ್ ಟ್ಯಾಂಕಿಗೆ ಇನ್ನಷ್ಟು ಡೀಸೆಲ್ ಸುರಿಯುವುದಿಲ್ಲ ಅಲ್ವಾ? ಬೋಟಿನ ಎಸಿಗೆ ಸುಮ್ನೆ ಗ್ಯಾಸ್ ಹಾಕುವುದು ಅಂಥದ್ದೇ ಕೆಲಸ.

ವಾಲ್ವ್ ಮುಚ್ಚದೆ ಏನನ್ನೂ ಬಿಚ್ಚಬೇಡಿ

ಹಾಸನದಲ್ಲಿ ಪೈಪು ಬಿಚ್ಚಿದರೆ ಅಂಗಡಿಯ ನೆಲ ಒದ್ದೆಯಾಗುತ್ತದೆ, ಅಷ್ಟೇ. ಬೋಟಿನಲ್ಲಿ ಆ ಹೋಸಿನ ಇನ್ನೊಂದು ತುದಿಯಲ್ಲಿ ಇರುವುದು ಸಮುದ್ರ. ತಳದ ವಾಲ್ವ್ ತೆರೆದಿಟ್ಟು ಸ್ಟ್ರೇನರ್ ಮುಚ್ಚಳ ಬಿಚ್ಚಿದರೆ ನೀರು ಬೋಟಿನೊಳಗೇ ನುಗ್ಗುತ್ತದೆ. ಮೊದಲು ಎಸಿ ಮತ್ತು ಪಂಪಿನ ಎಂಸಿಬಿ ಇಳಿಸಿ. ಆಮೇಲೆ ವಾಲ್ವ್ ಮುಚ್ಚಿ. ಹಿಡಿ ಪೈಪಿಗೆ ಅಡ್ಡಡ್ಡ ಬಂದಿದೆಯಾ ಅಂತ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ನೋಡಿ. ಹಳೆಯ ವಾಲ್ವಾದರೆ ಹಿಡಿ ತಿರುಗಿದರೂ ಒಳಗಿನ ಗುಂಡು ತಿರುಗದೇ ಇರಬಹುದು. ಅದಕ್ಕೇ ಮುಚ್ಚಳವನ್ನು ಒಂದೇ ಸಲಕ್ಕೆ ತೆಗೆಯದೆ, ಒಂದು ಸುತ್ತು ಸಡಿಲಿಸಿ ಕಾಯಿರಿ. ನೀರು ಜಿನುಗಿ ನಿಂತರೆ ಸರಿ. ನಿಲ್ಲದಿದ್ದರೆ ಮತ್ತೆ ಬಿಗಿ ಮಾಡಿ, ವಾಲ್ವ್ ರಿಪೇರಿಗೆ ಬೋಟು ಮೇಲೆಳೆಯುವವರೆಗೆ ಅಲ್ಲಿಗೆ ಕೈ ಹಾಕಬೇಡಿ. ಆ ತೂತಿನ ಅಳತೆಯ ಮೆತ್ತನೆ ಮರದ ಬೆಣೆ ಒಂದನ್ನು ವಾಲ್ವಿನ ಪಕ್ಕದಲ್ಲೇ ದಾರದಲ್ಲಿ ಕಟ್ಟಿಡಬೇಕು. ಭಾಮೈದನ ಬೋಟಿನಲ್ಲಿ ಅದು ಇರಲಿಲ್ಲ. ನಾನು ಮೊದಲು ಮಾಡಿಸಿದ್ದೇ ಅದನ್ನು.

ಬಕೆಟ್, ಥರ್ಮಾಮೀಟರ್, ಕ್ಲಾಂಪ್ ಮೀಟರ್

ಗ್ಯಾಸಿನ ಪ್ರೆಶರ್ ನೋಡುವ ಗೇಜ್ ಜೋಡಿಸುವ ಮೊದಲು ಈ ಮೂರರಿಂದ ಅಳತೆ ತೆಗೆಯಿರಿ. ಇಂಥ ಎಸಿಯಲ್ಲಿ ಇರುವ ಗ್ಯಾಸೇ ಕೆಲವು ನೂರು ಗ್ರಾಂ. ಗೇಜ್ ಹಾಕಿ ತೆಗೆದಾಗಲೆಲ್ಲ ಅದರಲ್ಲಿ ಒಂದಿಷ್ಟು ಹೋಗುತ್ತದೆ.

ಬಕೆಟ್ ಮೊದಲು. ಅಳತೆ ಗೊತ್ತಿರುವ 10 ಲೀಟರ್ ಬಕೆಟ್ಟಿಗೆ ಹಗ್ಗ ಕಟ್ಟಿ ನೀರು ಬೀಳುವ ಕಡೆ ಹಿಡಿಯಿರಿ, ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. ಒಂದು ಟನ್ ಎಸಿ, ಅಂದರೆ 12,000 ಬಿಟಿಯು ಎಸಿಗೆ ನಿಮಿಷಕ್ಕೆ ಸುಮಾರು 11 ಲೀಟರ್ ನೀರು ಬೇಕು. ಬಕೆಟ್ ಒಂದು ನಿಮಿಷದೊಳಗೆ ತುಂಬಬೇಕು.

ಥರ್ಮಾಮೀಟರಿನಲ್ಲಿ ಒಳಗೆ ಹೋಗುವ ನೀರು ಮತ್ತು ಹೊರಬರುವ ನೀರು ಎರಡನ್ನೂ ನೋಡಿ. ವ್ಯತ್ಯಾಸ 6 ಡಿಗ್ರಿ ಆಸುಪಾಸು ಇದ್ದರೆ ಒಳ್ಳೆಯದು. ಈ 6 ಹೇಗೆ ಬಂತು ಅಂತ ಗೊತ್ತಿದ್ದರೆ ಬೇರೆ ಅಳತೆಯ ಎಸಿಗೂ ಲೆಕ್ಕ ಹಾಕಬಹುದು. ಒಂದು ಟನ್ ಎಸಿ ಕ್ಯಾಬಿನ್ನಿನಿಂದ 3.5 ಕಿಲೋವ್ಯಾಟ್ ಬಿಸಿ ಎತ್ತುತ್ತದೆ. ಕಂಪ್ರೆಸರ್ ತಿನ್ನುವ ಕರೆಂಟು ಸುಮಾರು 1 ಕಿಲೋವ್ಯಾಟ್, ಅದೂ ಬಿಸಿಯಾಗಿ ನೀರಿಗೇ ಹೋಗುತ್ತದೆ. ಒಟ್ಟು 4.5. ನಿಮಿಷಕ್ಕೆ 11 ಲೀಟರ್ ನೀರು ಅಷ್ಟು ಬಿಸಿ ಹೊತ್ತರೆ 6 ಡಿಗ್ರಿ ಏರುತ್ತದೆ. ನೀರು ಅರ್ಧವಾದರೆ ಏರಿಕೆ ಎರಡು ಪಟ್ಟು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕರಾವಳಿಯ ನೀರೇ 30 ಡಿಗ್ರಿ ಹತ್ತಿರ ಇರುತ್ತದೆ. ಅದರ ಮೇಲೆ ಇನ್ನೊಂದು ಹದಿನೈದು ಡಿಗ್ರಿ ಏರಿದರೆ ಪ್ರೆಶರ್ ಸ್ವಿಚ್ ಸುಮ್ಮನಿರುವುದಿಲ್ಲ.

ಕ್ಲಾಂಪ್ ಮೀಟರನ್ನು ಕಂಪ್ರೆಸರಿನ ಒಂದೇ ವೈರಿಗೆ ಹಾಕಿ, ಓಡುವಾಗಿನ ಆಂಪಿಯರನ್ನು ಹೆಸರುಫಲಕದಲ್ಲಿ ಬರೆದಿರುವುದರ ಜೊತೆ ಹೋಲಿಸಿ.

ಈಗ ಮೂರನ್ನೂ ಜೊತೆಗಿಟ್ಟು ಓದಬೇಕು. ನೀರು ಕಡಿಮೆ, ಏರಿಕೆ ಜಾಸ್ತಿ ಅಂದರೆ ದಾರಿ ಕಟ್ಟಿದೆ. ನೀರು ಬೇಕಾದಷ್ಟಿದೆ, ಆದರೂ ಆಂಪಿಯರ್ ಜಾಸ್ತಿ, ಎಚ್‌ಪಿಎಫ್ ಬರುತ್ತದೆ ಅಂದರೆ ಸುರುಳಿಯೊಳಗೆ ಪೊರೆ ಕಟ್ಟಿದೆ, ಇಲ್ಲವೇ ಗ್ಯಾಸ್ ಅಳತೆ ಮೀರಿದೆ. ನೀರು ಬೇಕಾದಷ್ಟಿದೆ, ಏರಿಕೆ ಒಂದೆರಡೇ ಡಿಗ್ರಿ, ಆಂಪಿಯರೂ ಕಡಿಮೆ, ಕ್ಯಾಬಿನ್ ತಣ್ಣಗಾಗುತ್ತಿಲ್ಲ ಅಂದರೆ ಗ್ಯಾಸ್ ಸೋರಿರಬಹುದು, ಇಲ್ಲವೇ ಕಂಪ್ರೆಸರ್ ಸವೆದಿರಬಹುದು. ಗ್ಯಾಸ್ ಹಾಕುವ ಯೋಚನೆ ಮಾಡಬೇಕಾದದ್ದು ಈ ಕೊನೆಯ ಸಂದರ್ಭದಲ್ಲಿ ಮಾತ್ರ.

ಧಕ್ಕೆಯಲ್ಲಿ ಕಂಡದ್ದು

ಮಾರನೇ ದಿನ ಬೆಳಗ್ಗೆ ಸಕಲೇಶಪುರ ದಾಟಿ, ಘಾಟಿ ಇಳಿದು, ಮಂಗಳೂರಿನ ಧಕ್ಕೆಗೆ, ಅಂದರೆ ಬೋಟು ಕಟ್ಟುವ ಕಟ್ಟೆಗೆ, ಹೋದೆ. ಬೋಟಿನ ಎಸಿ 16,000 ಬಿಟಿಯು. ಅದಕ್ಕೆ ನಿಮಿಷಕ್ಕೆ ಸುಮಾರು 15 ಲೀಟರ್ ಬೇಕು. ಬಕೆಟ್ ಹಿಡಿದರೆ 10 ಲೀಟರ್ ತುಂಬಲು ಎರಡು ನಿಮಿಷ ಹಿಡಿಯಿತು. 30 ಡಿಗ್ರಿಯಲ್ಲಿ ಒಳಗೆ ಹೋದ ನೀರು 44 ಆಗಿ ಹೊರಗೆ ಬರುತ್ತಿತ್ತು. ಅಷ್ಟರಲ್ಲಿ ಟ್ರಿಪ್ ಆಯಿತು.

ವಾಲ್ವ್ ಮುಚ್ಚಿ ಸ್ಟ್ರೇನರ್ ಬಿಚ್ಚಿದೆವು. ಮುಚ್ಚಳ ಎತ್ತಿದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ. ನಿಂತ ಉಪ್ಪುನೀರಿನಲ್ಲಿ ಇದ್ದ ಜೀವಗಳು ಸತ್ತು ಕೊಳೆತಾಗ ಹಾಗೇ ಬರುತ್ತದೆ. ಜಾಲರಿಯ ತುಂಬ ಲೋಳೆ, ಅದರಲ್ಲಿ ಹಾಲಿನ ಪ್ಯಾಕೆಟ್ಟಿನ ಒಂದು ಮೂಲೆ, ಹುಲ್ಲು. ತಳದಲ್ಲಿ ಕಾಫಿ ಬೀಜದಷ್ಟು ದೊಡ್ಡ ಕಪ್ಪು ಚಿಪ್ಪುಗಳು, ಒಂದು ಹಿಡಿ. ಮುರಿದ ಚೂರು ಅಲ್ಲ, ಅಲ್ಲೇ ಹುಟ್ಟಿ ಬೆಳೆದವು. ಕೈಯಲ್ಲಿ ಹಿಡಿದಾಗ ಇನ್ನೂ ಬಾಯಿ ಮುಚ್ಚಿಕೊಂಡಿದ್ದವು.

ತೊಳೆದು ಹಾಕಿದ ಮೇಲೆ ಬಕೆಟ್ 65 ಸೆಕೆಂಡಿನಲ್ಲಿ ತುಂಬಿತು. ನಿಮಿಷಕ್ಕೆ 9 ಲೀಟರ್. ಭಾಮೈದನಿಗೆ ಖುಷಿ. "ಆಯ್ತಲ್ಲ ಭಾವ, ತಣ್ಣಗೆ ಬರ್ತಾ ಇದೆ" ಅಂದ. ತಣ್ಣಗೆ ಬರುತ್ತಿತ್ತು, ನಿಜ. ಆದರೆ 15 ಬೇಕಾದಲ್ಲಿ 9 ಇದ್ದರೆ ಕೆಲಸ ಮುಗಿದಿಲ್ಲ. ಮುಕ್ಕಾಲು ಗಂಟೆಗೆ ಮತ್ತೆ ನಿಂತಿತು. ಬಹಳ ಜನ ಎಡವುವುದು ಇಲ್ಲೇ. ಸ್ಟ್ರೇನರ್ ತೊಳೆದೆವು, ಸ್ವಲ್ಪ ಸರಿಯಾಯಿತು, ಮತ್ತೆ ಕೆಟ್ಟಿತು, ಹಾಗಾದರೆ ಗ್ಯಾಸೇ ಇರಬೇಕು ಅಂದುಕೊಳ್ಳುತ್ತಾರೆ. ಬಕೆಟ್ಟಿನ ಲೆಕ್ಕ ಪೂರ್ತಿ ಆಗುವವರೆಗೆ ನೀರಿನ ದಾರಿ ಬಿಡಬೇಡಿ.

ತಳದ ತೂತು ಕಟ್ಟಿದೆಯಾ ಅಂತ ಬೋಟಿನ ಒಳಗಿನಿಂದಲೇ ತಿಳಿಯಬಹುದು. ವಾಲ್ವ್ ಮುಚ್ಚಿ, ಅದರ ಮೇಲಿನ ಹೋಸನ್ನು ಕಳಚಿ, ಒಬ್ಬರು ವಾಲ್ವಿನ ಹಿಡಿಯ ಮೇಲೇ ಕೈ ಇಟ್ಟುಕೊಂಡು ಒಂದೇ ಕ್ಷಣ ತೆರೆದು ಮುಚ್ಚಬೇಕು. ಮರದ ಬೆಣೆ ಇನ್ನೊಬ್ಬರ ಕೈಯಲ್ಲಿರಲಿ. ವಾಲ್ವ್ ಗಟ್ಟಿಯಾಗಿ ಮುಚ್ಚುತ್ತದೆ ಅಂತ ಖಾತ್ರಿ ಇದ್ದರೆ ಮಾತ್ರ ಇದನ್ನು ಮಾಡಿ. ತೂತು ಚೊಕ್ಕಟವಾಗಿದ್ದರೆ ನೀರು ಬುಗ್ಗೆಯ ಹಾಗೆ ಚಿಮ್ಮುತ್ತದೆ. ನಮ್ಮದರಲ್ಲಿ ಉಕ್ಕಿತು, ಚಿಮ್ಮಲಿಲ್ಲ. ನೀರಿಗಿಳಿದು ಕೆಲಸ ಮಾಡುವ ಒಬ್ಬರನ್ನು ಕರೆದು ಕೆಳಗಿನಿಂದ ಕೆರೆಸಿದೆವು. ಅವರು ಅಂಗೈಯಲ್ಲಿ ತಂದು ತೋರಿಸಿದ ಬಾರ್ನಕಲ್ ಅನ್ನುವ ಅಂಟುಚಿಪ್ಪಿನ ಗಟ್ಟಿಗಳು ಸುಣ್ಣದ ಕಲ್ಲಿನ ಹಾಗೆ ಒರಟಾಗಿದ್ದವು. ಹೆಬ್ಬೆರಳು ಹೋಗುವ ತೂತಿನಲ್ಲಿ ಪೆನ್ಸಿಲ್ ತೂರುವಷ್ಟೇ ಜಾಗ ಉಳಿದಿತ್ತಂತೆ. ಆ ಕೆಲಸ ನಡೆಯುವಾಗ ಬೋಟಿನ ದಡದ ಕರೆಂಟು, ಜನರೇಟರ್, ಇಂಜಿನ್ ಎಲ್ಲ ಬಂದ್ ಮಾಡಿ, ಕೀ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ನೀರಿನಲ್ಲಿ ಮನುಷ್ಯ ಇರುವಾಗ ಇದರಲ್ಲಿ ಯಾವ ಸಡಿಲವೂ ಬೇಡ.

ಇದಾದ ಮೇಲೆ ಬಕೆಟ್ 40 ಸೆಕೆಂಡಿನಲ್ಲಿ ತುಂಬಿತು. 15 ಲೀಟರ್. ಏರಿಕೆ 6 ಡಿಗ್ರಿ.

ಪಂಪು ಗುಯ್ ಅನ್ನುತ್ತದೆ, ನೀರು ಬರುವುದಿಲ್ಲ

ಇದು ನಮ್ಮ ಕಡೆಯ ರೈತರಿಗೆಲ್ಲ ಗೊತ್ತಿರುವ ಕಾಯಿಲೆ. ಕೆರೆ ಏರಿಯ ಮೇಲಿನ ಮೋನೋಬ್ಲಾಕ್ ಪಂಪು ಗಾಳಿ ಹಿಡಿದರೆ ತಂಬಿಗೆಯಲ್ಲಿ ನೀರು ಹಾಕಿ ಪ್ರೈಮ್ ಮಾಡುತ್ತೇವಲ್ಲ, ಬೋಟಿನ ಎಸಿ ಪಂಪೂ ಅದೇ ಜಾತಿಯದು. ತಾನಾಗಿ ನೀರು ಎಳೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಅದಕ್ಕೇ ಅದನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸುತ್ತಾರೆ. ಸ್ಟ್ರೇನರ್ ಪಂಪಿಗಿಂತ ಕೆಳಗೆ. ತಳದ ತೂತಿನಿಂದ ಎಸಿಯವರೆಗೆ ಹೋಸು ಒಂದೇ ಸಮನೆ ಮೇಲಕ್ಕೆ ಏರುತ್ತಾ ಹೋಗಬೇಕು. ನಡುವೆ ಒಂದು ಕಡೆ ಗೂನು ಬಿದ್ದರೆ ಗಾಳಿ ಅಲ್ಲಿ ಸೇರಿಕೊಳ್ಳುತ್ತದೆ, ಬೇಗ ಬಿಡುವುದಿಲ್ಲ.

ಗಾಳಿ ಬಿಡಿಸಲು ಪಂಪು ನಿಲ್ಲಿಸಿ, ಪಂಪಿನಿಂದ ಹೊರಗೆ ಹೋಗುವ ಹೋಸಿನ ಕ್ಲಿಪ್ ಸಡಿಲಿಸಿ, ವಾಲ್ವನ್ನು ನಿಧಾನಕ್ಕೆ ತೆರೆಯಿರಿ. ಮೊದಲು ಬುಸ್ ಅಂತ ಗಾಳಿ, ಆಮೇಲೆ ಗುಳ್ಳೆ ಬೆರೆತ ನೀರು, ಆಮೇಲೆ ಬರೀ ನೀರು. ಬರೀ ನೀರು ಬಂದಾಗ ಕ್ಲಿಪ್ ಬಿಗಿ ಮಾಡಿ. ಮತ್ತೆ ಮತ್ತೆ ಗಾಳಿ ಸೇರುತ್ತಿದ್ದರೆ ಸ್ಟ್ರೇನರ್ ಮುಚ್ಚಳದ ರಬ್ಬರ್ ಉಂಗುರ, ಅಂದರೆ ಓ-ರಿಂಗ್ ನೋಡಿ. ಒಣಗಿ ಬಿರುಕು ಬಿಟ್ಟಿದ್ದರೆ ಪಂಪು ಅಲ್ಲಿಂದಲೇ ಗಾಳಿ ಎಳೆಯುತ್ತದೆ, ಪಾರದರ್ಶಕ ಮುಚ್ಚಳವಾದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಬೋಟು ನಿಂತಾಗ ಎಸಿ ಸರಿ ಇದ್ದು, ಓಡುವಾಗ ಮಾತ್ರ ನಿಲ್ಲುತ್ತದೆ ಅಂದರೆ ತಳದ ತೂತಿನ ಹೊರಗಿನ ಮೊರದಂಥ ಮುಚ್ಚಳದ ಬಾಯಿ ಯಾವ ಕಡೆಗಿದೆ ಕೇಳಿ. ಅದು ಬೋಟಿನ ಮುಂದಕ್ಕೆ ಇರಬೇಕು. ಹಿಂದಕ್ಕಿದ್ದರೆ ಓಟದಲ್ಲಿ ನೀರು ಒಳಗೆ ಬರುವ ಬದಲು ಹೊರಕ್ಕೇ ಸೆಳೆಯುತ್ತದೆ.

ತಳದ ವಾಲ್ವಿನಿಂದ ಪಂಪಿನವರೆಗಿನ ಭಾಗಕ್ಕೆ ತೋಟದ ಮೆತ್ತನೆ ಪೈಪು ಹಾಕಬೇಡಿ. ಎಳೆತಕ್ಕೆ ಅದು ಚಪ್ಪಟೆಯಾಗುತ್ತದೆ. ಒಳಗೆ ತಂತಿ ಸುರುಳಿ ಇರುವ ಹೋಸೇ ಬೇಕು. ನೀರಿನ ಮಟ್ಟದಿಂದ ಕೆಳಗಿರುವ ಪ್ರತಿ ಜೋಡಣೆಗೂ ಎರಡೆರಡು ಸ್ಟೀಲ್ ಕ್ಲಿಪ್ ಹಾಕಿ.

ಪೊರೆಯಾ, ಗ್ಯಾಸ್ ಜಾಸ್ತಿಯಾ?

ನಮ್ಮ ಬೋಟಿನಲ್ಲಿ ನೀರು ಸರಿಹೋಯಿತು, ಆದರೂ ಆಂಪಿಯರ್ ಹೆಸರುಫಲಕಕ್ಕಿಂತ ಮೇಲೇ ಇತ್ತು. ಎರಡು ಗಂಟೆಯಲ್ಲಿ ಒಂದು ಸಲ ಎಚ್‌ಪಿಎಫ್ ಬಂತು. ಇಂಥ ಕಡೆ ಕಂಡೆನ್ಸರಿನಿಂದ ಹೊರಬರುವ ತೆಳ್ಳನೆಯ ಗ್ಯಾಸ್ ಪೈಪನ್ನು ಮುಟ್ಟಿ ನೋಡಬೇಕು. ಹುಷಾರು, ಕಂಪ್ರೆಸರಿನಿಂದ ಹೊರಡುವ ಪೈಪು ಸುಡುತ್ತದೆ, ಅದಲ್ಲ. ಸುರುಳಿಯೊಳಗೆ ಪೊರೆ ಕಟ್ಟಿದ್ದರೆ ಗ್ಯಾಸಿನ ಬಿಸಿ ನೀರಿಗೆ ದಾಟುವುದಿಲ್ಲ, ಆ ತೆಳ್ಳನೆಯ ಪೈಪು ನೀರಿಗಿಂತ ಬಹಳ ಬಿಸಿ ಇರುತ್ತದೆ. ಗ್ಯಾಸ್ ಜಾಸ್ತಿ ತುಂಬಿದ್ದರೆ ದ್ರವವಾದ ಗ್ಯಾಸ್ ಸುರುಳಿಯೊಳಗೇ ಹೆಚ್ಚು ಹೊತ್ತು ನಿಂತು ಚೆನ್ನಾಗಿ ಆರುತ್ತದೆ. ಪ್ರೆಶರ್ ಏರಿದ್ದರೂ ಪೈಪು ಹೆಚ್ಚುಕಡಿಮೆ ನೀರಿನಷ್ಟೇ ಬಿಸಿ. ನಮ್ಮದು ಎರಡನೆಯದು. ಮೊದಲು ಹಾಕಿದ ಎರಡು ಸಲದ ಗ್ಯಾಸ್ ಅದರೊಳಗೇ ಇತ್ತು.

ಸ್ವಲ್ಪ ಸ್ವಲ್ಪ ಗಾಳಿಗೆ ಬಿಟ್ಟು ಸರಿ ಮಾಡುವುದು ತಪ್ಪು. ಪೂರ್ತಿ ಗ್ಯಾಸನ್ನು ರಿಕವರಿ ಸಿಲಿಂಡರಿಗೆ ಎಳೆದು, ವ್ಯಾಕ್ಯೂಮ್ ಮಾಡಿ, ಹೆಸರುಫಲಕದಲ್ಲಿ ಬರೆದಷ್ಟೇ ಗ್ರಾಂ ತೂಕ ಹಾಕಿ ತುಂಬಿದೆ. ಚಿನ್ನ ತೂಗುವ ಹಾಗೆ ತೂಗಬೇಕು. ಯಾವ ಗ್ಯಾಸ್ ಅಂತಲೂ ಫಲಕ ನೋಡಿಯೇ ಹಾಕಬೇಕು. ಹಳೆಯದರಲ್ಲಿ ಆರ್-22 ಇರುತ್ತದೆ, ಹೊಸದರಲ್ಲಿ ಆರ್-410ಎ, ಆರ್-407ಸಿ. ಒಂದರೊಳಗೆ ಇನ್ನೊಂದು ಬೆರೆಸುವ ಹಾಗಿಲ್ಲ. ಆರ್-410ಎ ಪ್ರೆಶರ್ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು, ಅದರ ಗೇಜೂ ಹೋಸೂ ಬೇರೆ. ಈ ಕೆಲಸ ತಿಳಿದ ಮೆಕ್ಯಾನಿಕ್ಕಿಗೇ ಬಿಡಿ, ಆದರೆ ತೂಕದ ಯಂತ್ರ ತಂದಿದ್ದಾರಾ ಅಂತ ಕೇಳಿ.

ಪೊರೆಯೇ ಇದ್ದಿದ್ದರೆ? ಎಸಿಯ ನೀರಿನ ಎರಡೂ ಹೋಸು ಕಳಚಿ, ಬಕೆಟ್ಟಿನಲ್ಲಿ ಸಿಟ್ರಿಕ್ ಆಸಿಡ್ ಕಲಸಿ, ಸಣ್ಣ ಕೂಲರ್ ಪಂಪಿನಿಂದ ಸುರುಳಿಯೊಳಗೆ ಸುತ್ತಿಸಬೇಕು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುತ್ತದಲ್ಲ, ಅದೇ. ಮೊದಲು ನೊರೆ ಏಳುತ್ತದೆ, ಸುಣ್ಣ ಕರಗುತ್ತಿರುವ ಗುರುತು ಅದು. ನೊರೆ ನಿಂತ ಮೇಲೆ ಒಳ್ಳೆಯ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಬಚ್ಚಲು ತೊಳೆಯುವ ಖಾರವಾದ ಆಸಿಡ್ಡನ್ನು ಹಾಗೇ ಸುರಿಯಬೇಡಿ, ಒಳಗಿನ ಪೈಪೇ ತೂತು ಬಿದ್ದರೆ ಉಪ್ಪುನೀರು ಗ್ಯಾಸಿನ ದಾರಿಗೆ ನುಗ್ಗುತ್ತದೆ. ಆಮೇಲೆ ಆ ಕಂಪ್ರೆಸರ್ ಉಳಿಯುವುದಿಲ್ಲ.

ಐಸ್ ಕಟ್ಟುವುದು

ನೀರೆಲ್ಲ ಸರಿ, ಟ್ರಿಪ್ಪೂ ಆಗುವುದಿಲ್ಲ, ಗಾಳಿ ಮಾತ್ರ ಬರುಬರುತ್ತಾ ಕಡಿಮೆ. ಕೂಲಿಂಗ್ ಕಾಯಿಲ್ ನೋಡಿದರೆ ಬಿಳಿ ಐಸ್. ಇದಕ್ಕೂ ಮೊದಲ ಅನುಮಾನ ಗ್ಯಾಸಿನ ಮೇಲಲ್ಲ, ಫಿಲ್ಟರಿನ ಮೇಲೆ. ಮಂಚದ ಕೆಳಗೆ ಕೂತ ಎಸಿಯ ಬಾಯಿಗೆ ಜನ ಲೈಫ್ ಜಾಕೆಟ್, ಬ್ಯಾಗು ಒತ್ತಿರುತ್ತಾರೆ. ಗಾಳಿ ಒಳಗೆ ಹೋಗದೆ ಕಾಯಿಲ್ ಸೊನ್ನೆಗಿಂತ ಕೆಳಗಿಳಿಯುತ್ತದೆ. ಜಾಗ ಬಿಡಿಸಿ, ಫಿಲ್ಟರ್ ತೊಳೆದು, ಕೂಲಿಂಗ್ ನಿಲ್ಲಿಸಿ ಬರೀ ಫ್ಯಾನ್ ಓಡಿಸಿ. ಐಸ್ ಕರಗಿದ ಮೇಲೆ ಒಳಗೆ ಹೋಗುವ ಗಾಳಿಗೂ ಹೊರಬರುವ ಗಾಳಿಗೂ 8ರಿಂದ 11 ಡಿಗ್ರಿ ವ್ಯತ್ಯಾಸ ಇದ್ದರೆ ಎಸಿ ಆರೋಗ್ಯವಾಗಿದೆ. ಕರಾವಳಿಯ ಗಾಳಿಯಲ್ಲಿ ತೇವ ಬಹಳ. ಕ್ಯಾಬಿನ್ ಬಾಗಿಲು ತೆರೆದಿಟ್ಟು 16 ಡಿಗ್ರಿಗೆ ಇಟ್ಟರೆ ಒಳ್ಳೆಯ ಎಸಿಯೂ ಐಸ್ ಕಟ್ಟುತ್ತದೆ.

ಕರೆಂಟಿನ ಕಡೆ

ಕಂಪ್ರೆಸರ್ ಹೂಂಕರಿಸಿ ಶುರುವಾಗದೆ ನಿಂತರೆ ವೋಲ್ಟೇಜ್ ನೋಡಿ. ಧಕ್ಕೆಯಿಂದ ಉದ್ದನೆಯ ಸಣ್ಣ ವೈರು ಎಳೆದಿದ್ದರೆ ಸುಮ್ಮನಿರುವಾಗ 230 ತೋರಿಸುತ್ತದೆ, ಶುರುವಾಗುವ ಕ್ಷಣಕ್ಕೆ 200ಕ್ಕೂ ಕೆಳಗೆ ಬೀಳುತ್ತದೆ. ಶುರುವಾಗುವಾಗ ಕಂಪ್ರೆಸರ್ ಮಾಮೂಲಿನ 4ರಿಂದ 6 ಪಟ್ಟು ಕರೆಂಟು ಎಳೆಯುತ್ತದೆ. ಆ ಹೊತ್ತಿನ ವೋಲ್ಟೇಜನ್ನೇ ಅಳೆಯಬೇಕು. ಅದು ಸರಿಯಿದ್ದರೆ ಕೆಪಾಸಿಟರ್ ನೋಡಿ. ಎಂಸಿಬಿ ಇಳಿಸಿದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ. ಬಲ್ಬ್ ಹಾಕಿದ ಹೋಲ್ಡರಿನ ಎರಡು ವೈರು ತಾಗಿಸಿ ಖಾಲಿ ಮಾಡಿ ಆಮೇಲೆ ಮುಟ್ಟಿ. 35 ಮೈಕ್ರೋಫ್ಯಾರಡ್ ಅಂತ ಬರೆದಿದ್ದು ಮೀಟರಿನಲ್ಲಿ 28 ತೋರಿಸಿದರೆ, ಅಥವಾ ತಲೆ ಉಬ್ಬಿದ್ದರೆ ಬದಲಾಯಿಸಿ. ನಿಲ್ಲಿಸಿದ ಎಸಿಯನ್ನು ತಕ್ಷಣ ಹಾಕಬೇಡಿ, 3 ನಿಮಿಷ ಬಿಡಿ, ಎರಡೂ ಕಡೆಯ ಪ್ರೆಶರ್ ಸಮ ಆಗಲಿ.

ಹಾಕಿದ ಕೂಡಲೇ ಅರ್ತ್ ಲೀಕೇಜ್ ಬ್ರೇಕರ್ ಬಿದ್ದರೆ ಎಲ್ಲೋ ಉಪ್ಪಿನ ತೇವ ಸೇರಿದೆ. ಪಂಪಿನ ಜಂಕ್ಷನ್ ಡಬ್ಬ ಮೊದಲು ತೆರೆಯಿರಿ. ಬ್ರೇಕರನ್ನು ಬೈಪಾಸ್ ಮಾಡಿ ಓಡಿಸುವುದನ್ನು ನಾನು ಎರಡು ಬೋಟಿನಲ್ಲಿ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸುತ್ತಲಿನ ನೀರಿಗೇ ಕರೆಂಟು ಇಳಿಯುತ್ತದೆ, ಅಲ್ಲಿ ಈಜುವ ಮಕ್ಕಳಿರುತ್ತಾರೆ.

ಕ್ಯಾಬಿನ್ನಿನಲ್ಲಿ ನೀರು ಕಂಡರೆ

ಎಸಿಯ ಕೆಳಗೆ ನೀರು ನಿಂತರೆ ಅದು ಗಾಳಿಯ ತೇವ ಇಳಿದ ನೀರಾ, ಹೊರಗಿನ ನೀರಾ ಅಂತ ಮೊದಲು ತಿಳಿಯಬೇಕು. ಸ್ಟೀಲ್ ತಟ್ಟೆಯ ಮೇಲೆ ನಾಲ್ಕು ಹನಿ ಬಿಟ್ಟು ಬಿಸಿಲಿಗೆ ಇಡಿ. ಒಣಗಿದ ಮೇಲೆ ಬಿಳಿ ಉಪ್ಪಿನ ಉಂಗುರ ಉಳಿದರೆ ಹೊರಗಿನ ನೀರು. ಮನೆಯ ಫಿಲ್ಟರ್ ನೀರು ನೋಡುವ ಟಿಡಿಎಸ್ ಮೀಟರ್ ಇದ್ದರೆ ಇನ್ನೂ ಬೇಗ ಗೊತ್ತಾಗುತ್ತದೆ. ಉಂಗುರ ಉಳಿಯದಿದ್ದರೆ ಎಸಿಯ ಅಡಿಯ ತಟ್ಟೆಯ ಡ್ರೈನ್ ಪೈಪು ಲೋಳೆ ಕಟ್ಟಿದೆ, ಊದಿ ಬಿಡಿಸಿ. ಉಪ್ಪು ಉಳಿದರೆ ಆ ಕ್ಷಣವೇ ತಳದ ವಾಲ್ವ್ ಮುಚ್ಚಿ, ಆಮೇಲೆ ಸೋರುವ ಜಾಗ ಹುಡುಕಿ.

ಆ ಡ್ರೈನ್ ಪೈಪಿನ ತುದಿ ಎಲ್ಲಿದೆ ಅಂತಲೂ ನೋಡಿ. ಇಂಜಿನ್ ಅಥವಾ ಜನರೇಟರ್ ಇರುವ ಕೋಣೆಯಲ್ಲಿ ಅದನ್ನು ಬಿಟ್ಟಿದ್ದರೆ, ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡನ್ನು ಎಸಿ ಆ ಪೈಪಿನಿಂದ ಹಿಂದಕ್ಕೆ ಎಳೆದು ಮಲಗುವ ಕ್ಯಾಬಿನ್ನಿಗೆ ಬಿಡಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಪೈಪಿನ ತುದಿಯನ್ನು ಬೇರೆ ಕಡೆ ಒಯ್ಯಿರಿ, ಕ್ಯಾಬಿನ್ನಿನಲ್ಲಿ ಅದರ ಅಲಾರಂ ಒಂದು ಹಾಕಿಸಿ.

ಮಳೆಗಾಲಕ್ಕೆ ಮುಂಚೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಭಾಮೈದನ ಬೋಟೂ ಆಗ ಧಕ್ಕೆಯಲ್ಲೇ ಕಟ್ಟಿರುತ್ತದೆ. ಹೀಗೆ ಬೋಟು ಓಡದೆ ನಿಂತಾಗ ಚಿಪ್ಪುಗಳು ಹೆಚ್ಚು ಅಂಟಿಕೊಳ್ಳುತ್ತವೆ. ಮೇ ಕೊನೆಯಲ್ಲಿ ಅವನಿಗೆ ಫೋನಿನಲ್ಲೇ ಹೇಳಿ ಮಾಡಿಸಿದೆ. ತಳದ ವಾಲ್ವ್ ಮುಚ್ಚಿ, ಸ್ಟ್ರೇನರಿನ ಬಾಯಿಂದ ಹೋಸ್ ಹಿಡಿದು ಒಳ್ಳೆಯ ನೀರು ಬಿಡುತ್ತಾ, ಹೊರಗೆ ಬೀಳುವ ನೀರು ಉಪ್ಪಿಲ್ಲದ ಹಾಗೆ ಆಗುವವರೆಗೆ ಪಂಪು ಓಡಿಸಿದ. ಆಮೇಲೆ ನೀರೆಲ್ಲ ಇಳಿಸಿ, ಜಾಲರಿ ಒಣಗಿಸಿ, ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ಸವರಿ ಮುಚ್ಚಿದ. ವಾಲ್ವಿನ ಹಿಡಿಗೆ ಕೆಂಪು ಬಟ್ಟೆ ಕಟ್ಟಿ, ಪ್ಯಾನೆಲ್ ಮೇಲೆ ಒಂದು ಚೀಟಿ ಅಂಟಿಸಿದ: "ವಾಲ್ವ್ ಮುಚ್ಚಿದೆ. ತೆರೆಯದೆ ಎಸಿ ಹಾಕಬೇಡಿ."

ಆಗಸ್ಟಿನಲ್ಲಿ ಮತ್ತೆ ಫೋನ್ ಬಂತು. "ಭಾವ, ಬಟ್ಟೆ ಬಿಚ್ಚಿದೆ, ಬಕೆಟ್ ಹಿಡಿದೆ. 42 ಸೆಕೆಂಡು" ಅಂದ.